ನೀಲಿಗಟ್ಟಿದ ಉಗುರು ಮತ್ತು ಕರ್ಮದ ಪ್ರಶ್ನೆ

ಹೃದಯದೋಷದೊಂದಿಗೇ ಹುಟ್ಟಿದ ಮಗು ಯಾವ ತಪ್ಪಿಗಾಗಿ ನರಳುತ್ತದೆ ಎಂಬ ಪ್ರಶ್ನೆ ಹಳೆಯದು. ಬ್ರಹ್ಮಸೂತ್ರದ 2ನೆಯ ಅಧ್ಯಾಯದಲ್ಲಿ ಬರುವ ವೈಷಮ್ಯ-ನೈರ್ಘೃಣ್ಯದ, ಅಂದರೆ ಪಕ್ಷಪಾತ ಮತ್ತು ನಿರ್ದಯತೆಯ ಚರ್ಚೆಯು ಲೋಕದ ಅಸಮಾನತೆಗೆ ಜೀವಿಗಳ ಕರ್ಮವನ್ನೇ ಕಾರಣವಾಗಿಸಿ ಈಶ್ವರನನ್ನು ಆರೋಪದಿಂದ ಬಿಡಿಸುತ್ತದೆ. ಆದರೆ ಈಶ್ವರನಿಗಾಗಿ ಹೂಡಿದ ಆ ವಾದವು ಮನೆಯ ಜಗಲಿಗೆ ಇಳಿದಾಗ ಹೆತ್ತವಳ ಮೇಲಿನ ದೂಷಣೆಯಾಗುವುದು ಘೋರ ಅನ್ಯಾಯ.

ಅಂಥ ಹುಟ್ಟು ಹೃದಯದೋಷಗಳಲ್ಲೊಂದಾದ ಫ್ಯಾಲೋನ ಚತುರ್ದೋಷವೆಂಬ ಕಾಯಿಲೆಯಲ್ಲಿ ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದ್ದು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿರುವುದರಿಂದ, ಆಮ್ಲಜನಕ ಸಾಲದ ರಕ್ತವೇ ಮೈಗೆ ಹರಿದು ತುಟಿ, ಉಗುರುಗಳು ನೀಲಿಗಟ್ಟುತ್ತವೆ. ನಾಲ್ಕು ಹೆಜ್ಜೆ ಓಡಿದ ಮಗು, ಯಾರೂ ಕಲಿಸದೆಯೇ, ಕುಕ್ಕರಗಾಲಿನಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತದೆ.

ಪೂರ್ವಜನ್ಮದ ಕರ್ಮವನ್ನು ದೈವವೆಂದೂ ಈ ಜನ್ಮದ ಪ್ರಯತ್ನವನ್ನು ಪುರುಷಕಾರವೆಂದೂ ಕರೆಯುವ ಚರಕಸಂಹಿತೆಯ ವಿಮಾನಸ್ಥಾನವು ದುರ್ಬಲವಾದ ದೈವವನ್ನು ಪುರುಷಕಾರ ಮೀರಬಲ್ಲದೆಂದು ಹೇಳುತ್ತದೆ. ವೈದ್ಯನಿಗೆ ಬೇಕಾದದ್ದು ಈ ಮಾತೇ. 1944ರ ನವೆಂಬರಿನಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟಾಸಿಗ್ ಅವರ ಆಲೋಚನೆ, ವಿವಿಯನ್ ಥಾಮಸ್ ಅವರ ಪ್ರಯೋಗ, ಆಲ್ಫ್ರೆಡ್ ಬ್ಲಾಲಾಕ್ ಅವರ ಕೈಚಳಕ ಒಂದಾಗಿ, ತೋಳಿನತ್ತ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಹೊಲಿದು ಜೋಡಿಸಿದಾಗ, ಮುಟ್ಟಲಾಗದೆಂದು ಕೈಬಿಟ್ಟಿದ್ದ ಮಕ್ಕಳಿಗೆ ದಾರಿ ತೆರೆಯಿತು.