ನೀರಿನ ಪಾತ್ರೆಯ ಋಣ

ಮನುಷ್ಯನು ಬಳಸುವ ಪ್ರತಿಯೊಂದು ವಸ್ತುವೂ ಅವನ ಕೈ ಸೇರುವ ಮೊದಲೇ ಲೋಕದಿಂದ ಒಂದಿಷ್ಟು ಸಾಲವನ್ನು ಪಡೆದಿರುತ್ತದೆ. ಮಣ್ಣಿನ ಹೂಜಿಗೆ ಕುಂಬಾರನ ಆವಿಗೆಯಲ್ಲಿ ಉರಿದ ಸೌದೆಯ ಸಾಲವುಂಟು. ತಾಮ್ರದ ತಂಬಿಗೆಗೆ ಗಣಿಯ ಅದಿರಿನ ಸಾಲವುಂಟು. ಇಂದು ಮಕ್ಕಳ ಶಾಲಾಚೀಲದಲ್ಲಿಯೂ ಪ್ರಯಾಣಿಕರ ಕೈಯಲ್ಲಿಯೂ ಕಾಣುವ ಪ್ಲಾಸ್ಟಿಕ್ ಬಾಟಲಿಯಾದರೋ ಭೂಗರ್ಭದಿಂದ ತೆಗೆದ ಕಲ್ಲೆಣ್ಣೆ ಮತ್ತು ಅನಿಲಗಳಿಂದ ಹುಟ್ಟಿದುದು. ಅದನ್ನು ತಯಾರಿಸುವಾಗ, ಸಾಗಿಸುವಾಗ, ತೊಳೆಯುವಾಗ ವಾಯುಮಂಡಲವನ್ನು ಸೇರುವ ಇಂಗಾಲಾಮ್ಲವಾಯುವಿನ ಒಟ್ಟು ಲೆಕ್ಕವನ್ನು ವಿಜ್ಞಾನಿಗಳು ಆ ವಸ್ತುವಿನ ‘ಇಂಗಾಲದ ಹೆಜ್ಜೆಗುರುತು’ ಎಂದು ಕರೆಯುವರು. ಗೃಹಸ್ಥನ ಮಾತಿನಲ್ಲಿ ಹೇಳುವುದಾದರೆ ಅದು ಆ ವಸ್ತುವಿನ ಋಣ.

ಈ ಋಣವು ಕೇವಲ ಕಲ್ಪನೆಯಲ್ಲ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯಲಾರಂಭಿಸಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ವಾಯು ಸುಮಾರು 315 ಭಾಗವಿದ್ದಿತು. ಈಗ ಅದು 420ನ್ನು ಮೀರಿದೆ. ಭೂಮಿಯ ತಾಪವೇರುತ್ತಿರುವುದಕ್ಕೆ ಇದೇ ಮುಖ್ಯ ಕಾರಣ. ಋಣ ಮಾಡುವವರು ಒಬ್ಬರು, ತೀರಿಸುವವರು ಇನ್ನೊಬ್ಬರು ಆಗುತ್ತಿರುವುದರಿಂದ ಇದು ಧರ್ಮದ ಪ್ರಶ್ನೆಯೂ ಆಗಿದೆ.

ಇಲ್ಲಿ ಒಂದು ಪೂರ್ವಪಕ್ಷವುಂಟು: “ಒಮ್ಮೆ ಕುಡಿದು ಎಸೆಯುವ ಬಾಟಲಿಯನ್ನು ಬಿಟ್ಟು, ಮತ್ತೆ ಮತ್ತೆ ತುಂಬಿಕೊಳ್ಳುವ ಬಾಟಲಿಯನ್ನು ಕೊಂಡವನು ದೋಷಮುಕ್ತನಾದನಲ್ಲವೆ?” ಇದಕ್ಕೆ ಲೆಕ್ಕವೇ ಉತ್ತರ ಹೇಳಲಿ. ಇಂತಹ ಪ್ಲಾಸ್ಟಿಕ್ ಒಂದು ಕಿಲೋಗ್ರಾಂ ತಯಾರಾಗುವಷ್ಟರಲ್ಲಿ ಸುಮಾರು 2ರಿಂದ 3 ಕಿಲೋಗ್ರಾಂ ಇಂಗಾಲಾಮ್ಲವಾಯು ಹೊರಬೀಳುತ್ತದೆ. ಎಸೆಯುವ ಒಂದು ಲೀಟರ್ ಬಾಟಲಿಯ ತೂಕ 25 ಗ್ರಾಂ ಎಂದಿಟ್ಟುಕೊಂಡರೆ ಅದರ ಋಣ 50ರಿಂದ 75 ಗ್ರಾಂ. ಬಾಳಿಕೆಯ ದಪ್ಪ ಬಾಟಲಿಯ ತೂಕ 150 ಗ್ರಾಂ ಎಂದರೆ ಅದರ ಋಣ 300ರಿಂದ 450 ಗ್ರಾಂ. ಅಂದರೆ ಕೊಂಡ ದಿನ ಇವನೇ ಆರು ಪಟ್ಟು ದೊಡ್ಡ ಸಾಲಗಾರನು! ಆರೇಳು ಬಾರಿ ತುಂಬಿದ ಮೇಲೆ ಎರಡೂ ಸಮವಾಗುವುವು. ಆನಂತರವೇ ಉಳಿತಾಯದ ಆರಂಭ. ಎರಡು ವರ್ಷಗಳಲ್ಲಿ 600 ಬಾರಿ ತುಂಬಿದರೆ ಒಂದೊಂದು ಬಾರಿಗೆ ತಗಲುವ ಋಣ ಒಂದು ಗ್ರಾಮಿಗಿಂತಲೂ ಕಡಿಮೆ. ಬಾಟಲಿ ಅದೇ, ಋಣವೂ ಅದೇ. ತೀರಿಸಿದುದು ಮಾತ್ರ ಬಳಕೆ.

ತೊಳೆಯುವ ಕ್ರಮವನ್ನೂ ಮರೆಯಬಾರದು. ಒಂದು ಲೀಟರ್ ನೀರನ್ನು ವಿದ್ಯುತ್ತಿನಿಂದ 40 ಡಿಗ್ರಿಯಷ್ಟು ಬಿಸಿ ಮಾಡಿದರೆ, ಕಲ್ಲಿದ್ದಲನ್ನೇ ಹೆಚ್ಚಾಗಿ ನೆಚ್ಚಿರುವ ನಮ್ಮ ದೇಶದ ವಿದ್ಯುತ್ತಿನ ಲೆಕ್ಕದಲ್ಲಿ, 30 ಗ್ರಾಮಿಗೂ ಮಿಕ್ಕಿದ ಇಂಗಾಲಾಮ್ಲವಾಯು ಹುಟ್ಟುತ್ತದೆ. ದಿನವೂ ಹೀಗೆ ತೊಳೆಯುವವನು ಬಂದ ಉಳಿತಾಯದ ಅರ್ಧವನ್ನು ಬಚ್ಚಲಿಗೆ ಚೆಲ್ಲಿದಂತೆ. ತಣ್ಣೀರು, ಸ್ವಲ್ಪ ಸಾಬೂನು, ಒಂದು ಕುಂಚ, ಆಮೇಲೆ ಬೋರಲು ಹಾಕಿ ಚೆನ್ನಾಗಿ ಒಣಗಿಸುವುದು. ಬರಿಯ ನೀರು ತುಂಬುವ ಪಾತ್ರೆಗೆ ದಿನನಿತ್ಯಕ್ಕೆ ಇಷ್ಟು ಸಾಕು.

ಆದರೆ ಈಚೆಗೆ ಬಾಳಿಕೆಯ ಬಾಟಲಿಯೇ ಒಂದು ಆಡಂಬರವಾಗಿದೆ. ಸಮಾರಂಭಕ್ಕೊಂದು ಉಡುಗೊರೆ, ಉಡುಪಿಗೊಪ್ಪುವ ಬಣ್ಣಕ್ಕೊಂದು, ಹೊಸ ಮಾದರಿ ಬಂದಾಗ ಮತ್ತೊಂದು. ಐದಾರು ಬಾಟಲಿಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದರೆ ಅವೆಲ್ಲವೂ ತೀರದ ಸಾಲಗಳೇ. ಉಕ್ಕಿನ ಬಾಟಲಿಯ ಋಣವಂತೂ ಪ್ಲಾಸ್ಟಿಕ್ಕಿಗಿಂತ ಹೆಚ್ಚು. ಆದುದರಿಂದ ಇರುವುದನ್ನು ಬಿಸುಟು ಅದನ್ನು ಕೊಳ್ಳುವುದೂ ಜಾಣತನವಲ್ಲ. ಮನೆಯಲ್ಲಿ ಆಗಲೇ ಇರುವ ಪಾತ್ರೆಯೇ ಎಲ್ಲಕ್ಕಿಂತ ಕಡಿಮೆ ಋಣದ ಪಾತ್ರೆ. ಶರಣರು ಲಾಂಛನಕ್ಕಿಂತ ಆಚರಣೆಗೆ ಹಿರಿಮೆ ಕೊಟ್ಟರೆಂಬುದು ವಾಚಕರಿಗೆ ತಿಳಿದೇ ಇದೆ. ಬಾಟಲಿಯೂ ಲಾಂಛನವಾಗಬಾರದು.

ಇನ್ನೊಂದು ಶಂಕೆ: “ಮೋಟಾರು, ವಿದ್ಯುದಾಗಾರಗಳ ಹೊಗೆಯ ಮುಂದೆ ಒಂದು ಬಾಟಲಿಯ ಲೆಕ್ಕವೇನು?” ಶಂಕೆ ನ್ಯಾಯವಾದುದೇ. ಪೆಟ್ರೋಲ್ ಕಾರು ಒಂದು ಕಿಲೋಮೀಟರಿಗೆ 100 ಗ್ರಾಮಿಗೂ ಮಿಕ್ಕಿ ಇಂಗಾಲಾಮ್ಲವಾಯುವನ್ನು ಬಿಡುತ್ತದೆ. ಹತ್ತು ಕಿಲೋಮೀಟರು ಹೋದವನು ಎರಡು ಬಾಳಿಕೆಯ ಬಾಟಲಿಗಳ ಋಣವನ್ನು ದಾರಿಯಲ್ಲೇ ಮಾಡಿದನು. ಆದುದರಿಂದ ಬಾಟಲಿ ಹಿಡಿದವನು ಲೋಕವನ್ನು ಉದ್ಧರಿಸಿದೆನೆಂದು ಬೀಗತಕ್ಕದ್ದಲ್ಲ. ಆದರೆ ಸಣ್ಣ ಸಾಲವೆಂದು ಅಂಗಡಿಯ ಬಾಕಿಯನ್ನು ತೀರಿಸದವನು ದೊಡ್ಡ ಸಾಲವನ್ನು ತೀರಿಸಿಯಾನೆ? ಮಿತವೆಂಬುದು ಕೈಯಲ್ಲಿರುವ ವಸ್ತುವಿನಿಂದಲೇ ಅಭ್ಯಾಸವಾಗಬೇಕು.

ಈ ಅಭ್ಯಾಸದ ನಿಜವಾದ ಪರೀಕ್ಷೆ ನಡೆಯುವುದು ಮದುವೆಯ ಮನೆಯಲ್ಲಿ. ಪ್ರತಿ ಎಲೆಯ ಮುಂದೆ ಒಂದು ಪುಟ್ಟ ಬಾಟಲಿ. ಎರಡು ಗುಟುಕು ಕುಡಿದು ಅತಿಥಿ ಏಳುತ್ತಾನೆ. ಉಳಿದ ನೀರು ಎಂಜಲೆಲೆಯೊಂದಿಗೆ ಹೋಗುತ್ತದೆ. ಬಾಟಲಿಯೊಂದಕ್ಕೆ ಹತ್ತು ಗ್ರಾಂ ಎಂದರೂ ಸಾವಿರ ಎಲೆಗೆ ಹತ್ತು ಕಿಲೋಗ್ರಾಂ ಪ್ಲಾಸ್ಟಿಕ್. 2022ರ ಜುಲೈ 1ರಿಂದ ಕೇಂದ್ರ ಸರಕಾರವು ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ ಮೊದಲಾದುವನ್ನು ನಿಷೇಧಿಸಿತಾದರೂ ಆ ಪಟ್ಟಿಯಲ್ಲಿ ನೀರಿನ ಬಾಟಲಿ ಸೇರಿರಲಿಲ್ಲ. ಕಾನೂನು ತಡೆಯದುದನ್ನು ಮನಸ್ಸೇ ತಡೆಯಬೇಕು. ಯಜಮಾನನಿಗೆ ಅದರ ಹಾನಿ ತಿಳಿಯದೆಂದಲ್ಲ. ಲೋಟದಲ್ಲಿ ನೀರು ಕೊಟ್ಟರೆ ಬೀಗರು ಏನೆಂದಾರು ಎಂಬ ಅಂಜಿಕೆ. ಆದರೆ ಆ ಬಾಟಲಿಯು ಪಂಕ್ತಿಯಿಂದ ಓಡಿಸಿದುದು ಯಾರನ್ನು? ಕೊಡದಿಂದ ತಂಬಿಗೆ ತುಂಬಿಕೊಂಡು, “ಇನ್ನಷ್ಟು ನೀರು ಹಾಕಲೇ?” ಎಂದು ಬಾಗಿ ಕೇಳುತ್ತಿದ್ದ ಮನೆಯ ಮಗನನ್ನು. ಬೇಸಗೆಯ ಅರವಟ್ಟಿಗೆಯಲ್ಲಿ ದಾರಿಹೋಕನು ತಣಿಯುತ್ತಿದ್ದುದು ನೀರಿನಿಂದ ಮಾತ್ರವಲ್ಲ, ಎರೆಯುವ ಕೈಯಿಂದಲೂ ಅಹುದು.

ಆದುದರಿಂದ ಗೃಹಸ್ಥರು ಮಾಡಬೇಕಾದುದು ಕಷ್ಟದ ವ್ರತವೇನಲ್ಲ. ಒಬ್ಬರಿಗೆ ಒಂದೇ ಬಾಟಲಿ. ಅದು ಒಡೆಯುವವರೆಗೂ ಅದೇ. ಮುಚ್ಚಳ ಕೆಟ್ಟರೆ ಮುಚ್ಚಳವನ್ನಷ್ಟೇ ಬದಲಿಸುವುದು. ಮನೆಯ ಶುಭಕಾರ್ಯದಲ್ಲಿ ತೊಳೆದ ಲೋಟ, ತುಂಬಿದ ಕೊಡ, ನೀರು ಎರೆಯಲು ಮನೆಯ ಹುಡುಗರು. ಮೊದಲನೆಯ ಪಂಕ್ತಿಯಲ್ಲಿ ಯಾರಾದರೂ ಹುಬ್ಬೇರಿಸಿದರೆ ಯಜಮಾನನೇ ತಂಬಿಗೆ ಹಿಡಿದು ಅವರ ಲೋಟಕ್ಕೆ ಎರೆಯಲಿ. ಅದಕ್ಕಿಂತ ಹಿರಿದಾದ ಮರ್ಯಾದೆಯನ್ನು ಯಾವ ಬಾಟಲಿಯೂ ಕೊಡಲಾರದು.