ಕುಂಭಕ್ಕೆ ಇಳಿಯದ ದೇವರು

ಹಳೆಯ ಗುಡಿಯ ಜೀರ್ಣೋದ್ಧಾರ ಶುರುವಾಗುವ ಮೊದಲು ನಮ್ಮಂಥ ಆಗಮಿಕರನ್ನು ಕರೆಸುತ್ತಾರೆ. ಮೂರ್ತಿಗೆ ದರ್ಭೆ ತಾಗಿಸಿ, ಮಂತ್ರ ಹೇಳಿ, ಅದರಲ್ಲಿನ ಕಳೆಯನ್ನು, ಅಂದರೆ ದೈವಶಕ್ತಿಯನ್ನು, ಕುಂಭದ ನೀರಿಗೆ ಇಳಿಸುತ್ತೇವೆ. ಇದು ಕಳಾಕರ್ಷಣೆ. ಆಮೇಲೆ ನಿತ್ಯಪೂಜೆ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ. ಗರ್ಭಗುಡಿಯಲ್ಲಿ ಉಳಿಯುವುದು ಬರೀ ಕಲ್ಲು. ಹಗ್ಗ ಕಟ್ಟಿ ಎಳೆದರೂ ದೋಷವಿಲ್ಲ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲನ ಗುಡಿಯನ್ನೂ ಬಿಚ್ಚಿ, ಮೇಲೆ ಹೊಸ ಜಾಗದಲ್ಲಿ ಜೋಡಿಸಿದರು. ದೇವರು ಎಂದರೆ ಸಾಗಿಸಬಹುದಾದವನು ಎಂಬುದು ನಮಗೆ ಅಷ್ಟು ರೂಢಿಯಾಗಿಹೋಗಿದೆ.

ಇತ್ತೀಚೆಗೆ ಒಬ್ಬರು ಬಂದಿದ್ದರು. ಕಾಡಂಚಿನ ಸೋಲಿಗರ ಪುನರ್ವಸತಿ ಕಾಲೊನಿಯಲ್ಲಿ ಗುಡಿ ಕಟ್ಟಿಸಿದ್ದಾರಂತೆ, ಗ್ರಾನೈಟಿನ ಮಾರಮ್ಮ ಲಾರಿಯಲ್ಲಿ ಬಂದಿಳಿದಿದ್ದಾಳಂತೆ, ಪ್ರತಿಷ್ಠೆಗೆ ಮುಹೂರ್ತ ಬೇಕಿತ್ತು. ಕಾಡಿನೊಳಗಿನ ಅಮ್ಮನ ಗತಿ ಏನು, ಅವಳ ಪೂಜಾರಿ ತಮ್ಮಡಿ ಏನಂದರು ಎಂದೆ. ಕೇಳಿರಲಿಲ್ಲ. ಕೇಳಿ ಬನ್ನಿ ಎಂದು ಕಳಿಸಿದೆ. ಅವರು ಬೇರೆ ಆಗಮಿಕರನ್ನು ಗೊತ್ತುಮಾಡಿಕೊಂಡರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅಬ್ಬಿ ಎಂದರೆ ನೀರು, ಕಲ್ಲುಗುಡಿ ಸತ್ತ ಹಿರಿಯರದು. ಅಲ್ಲಿನ ದೊಡ್ಡ ಸಂಪಿಗೆ ಮರವನ್ನು ನೋಡಿದವರಿಗೆ ಗೊತ್ತು: ಭಾರ್ಗವಿ ಹೊಳೆಯ ಪಕ್ಕ, ಗಂಟುಗಂಟಾದ ಬುಡ, ಅದರ ಸುತ್ತ ಲಿಂಗಗಳಂತೆ ನೆಟ್ಟ ಕಲ್ಲುಗಳು. ಗೋಡೆಯಿಲ್ಲ, ಬಾಗಿಲಿಲ್ಲ. ಇಲ್ಲಿ ದರ್ಭೆಯನ್ನು ಯಾವುದಕ್ಕೆ ತಾಗಿಸಲಿ? ಮರಕ್ಕೋ, ಹೊಳೆಗೋ, ಮಣ್ಣಲ್ಲಿ ಮಲಗಿರುವ ಅಜ್ಜನಿಗೋ?

ಬೆಟ್ಟದ ರಂಗನಾಥನೂ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಅವರ ಭಾವನಾದವನು. ನೆಂಟಸ್ತಿಕೆ ಬೆಳೆಸಿಕೊಂಡು ನೆಲೆ ನಿಂತ. ಸರ್ಕಾರ ಬಂದದ್ದು ಬೇರೆ ರೀತಿ. 1974ರಲ್ಲಿ ಅಭಯಾರಣ್ಯವಾಯಿತು, ಒಳಗಿದ್ದ ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ರಸ್ತೆ ಬದಿಗೆ ತಂದರು. ಕುಮರಿ ಬೇಸಾಯ ನಿಂತಿತು, ಬೇಸಗೆಯಲ್ಲಿ ಹಾಕುತ್ತಿದ್ದ ತರಗು ಬೆಂಕಿಯೂ ನಿಂತಿತು, ಲಂಟಾನ ಆಳೆತ್ತರ ಬೆಳೆಯಿತು. 2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದೂ ಅದೇ ವರ್ಷ. ಒಂದೇ ವರ್ಷದಲ್ಲಿ ಎರಡೂ!

ನಮ್ಮವರೇ ಕೆಲವರು ಹೇಳುತ್ತಾರೆ: ದೇವರು ಸರ್ವವ್ಯಾಪಿಯಲ್ಲವೇ ಸ್ವಾಮಿ, ಕಾಲೊನಿಯಲ್ಲೂ ಇರುತ್ತಾನೆ. ಸರ್ವವ್ಯಾಪಿ ಎನ್ನುವುದು ನೆನಪಾಗುವುದು ಬೇರೆಯವರ ದೇವರ ಜಾಗ ಬೇಕಾದಾಗ ಮಾತ್ರ. ತಿರುಪತಿ ಬೆಟ್ಟದ ವಿಷಯದಲ್ಲಿ ಯಾರೂ ಹಾಗಂದದ್ದನ್ನು ನಾನು ಕೇಳಿಲ್ಲ. ನಮ್ಮ ಆಗಮದಲ್ಲೂ ಸ್ವಯಂಭೂ ಲಿಂಗ ಭಿನ್ನವಾದರೂ ಕೀಳುವಂತಿಲ್ಲ. ಸೋಲಿಗರ ದೇವರುಗಳೆಲ್ಲ ಸ್ವಯಂಭುವೇ ಎಂದುಕೊಂಡರೆ ಶಾಸ್ತ್ರದ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ತಕರಾರು ಬಂದಾಗ, ಡೊಂಗ್ರಿಯಾ ಕೊಂಧರ ದೇವರಾದ ನಿಯಮರಾಜನಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 12 ಹಳ್ಳಿಗಳೂ ಗಣಿ ಬೇಡ ಎಂದವು. ದೇವರ ವಿಷಯವನ್ನು ಪಂಡಿತರಿಗೆ ಬಿಡದೆ ಪೂಜಿಸುವವರನ್ನೇ ಕೇಳಿದ್ದು ನನಗೆ ಸರಿಕಂಡಿತು, ನಾನೂ ಪಂಡಿತರ ಸಾಲಿನವನೇ ಆದರೂ.

ಹೋಗುವವರನ್ನು ತಡೆಯಲು ನಾನು ಯಾರು? ಮಕ್ಕಳಿಗೆ ಶಾಲೆ ಬೇಕು, ಬಸುರಿಗೆ ಆಸ್ಪತ್ರೆ ಬೇಕು; ಹುಲಿ ಕಾಡಿನಿಂದ ಹೊರಬರುವ ಕುಟುಂಬಕ್ಕೆ ಈಗ 15 ಲಕ್ಷ ರೂಪಾಯಿ ಕೊಡುತ್ತಾರೆ, ಒಪ್ಪಿದವರು ಒಪ್ಪಲಿ. ಆದರೆ ಒಪ್ಪಿಗೆ ಕೊಟ್ಟವರು ಮನುಷ್ಯರು. ಕಾಡಿನಲ್ಲಿ ಹಿಂದೆ ಉಳಿದ ಅಮ್ಮನಿಗೆ ಪೂಜೆ ತಪ್ಪಬಾರದು. ಸಹಿ ಹಾಕಿಸುವ ಕಾಗದದಲ್ಲೇ, ಹಬ್ಬಕ್ಕೆ ಗೇಟು ದಾಟಿ ಒಳಗೆ ಹೋಗಿ ರಾತ್ರಿ ತಂಗಿ ಬರುವ ಹಕ್ಕನ್ನೂ ಬರೆಯಲಿ. ಆಗ ನಾನು ಬೇಕಾದರೆ ಕಾಲೊನಿಯ ಗುಡಿಗೂ ಮುಹೂರ್ತ ಇಟ್ಟುಕೊಟ್ಟೇನು, ತಮ್ಮಡಿ ಪಕ್ಕದಲ್ಲಿ ಕೂತಿದ್ದರೆ.