ಅವಸರದ ಕೂಲಿ

ಜುಲೈ ತಿಂಗಳ ಕೊನೆಯ ದಿನ ನಮ್ಮ ಕರಾವಳಿಗೆ ಎರಡು ಕಾರಣಗಳಿಂದ ಮುಖ್ಯವಾದುದು. ಜೂನ್ 1ರಿಂದ ಜಾರಿಯಲ್ಲಿರುವ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಸಾಮಾನ್ಯವಾಗಿ ಅಂದಿಗೆ ಮುಗಿಯುತ್ತದೆ. ಭಟ್ಕಳ, ಹೊನ್ನಾವರ, ತದಡಿಯ ದೋಣಿಗಳು ಮರುದಿನ ಕಡಲಿಗಿಳಿಯಲು ಅಣಿಯಾಗುತ್ತವೆ. ಸಂಬಳದವರೂ ಪಿಂಚಣಿಯವರೂ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಲು ವಾಡಿಕೆಯ ಗಡುವೂ ಅದೇ. ಬೆಸ್ತನು ಎರಡು ತಿಂಗಳು ಕುಳಿತು ಬಲೆಯನ್ನು ಸರಿಪಡಿಸಿಕೊಂಡಿರುತ್ತಾನೆ. ಲೆಕ್ಕ ಒಪ್ಪಿಸಬೇಕಾದವನು ಮಾತ್ರ ಕೊನೆಯ ಸಂಜೆ ಒದ್ದೆ ಕೊಡೆಯೊಂದಿಗೆ ಆಡಿಟರ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ.

ಕುಮಟೆಯಲ್ಲಿ ಈ ವೃತ್ತಿಯಲ್ಲಿರುವ ಮಿತ್ರರೊಬ್ಬರು ಒಮ್ಮೆ ನನ್ನನ್ನು ಕೇಳಿದರು: "ಕೊನೆಯ ದಿನ ಬಂದವರಿಂದ ಹೆಚ್ಚು ಹಣ ತೆಗೆದುಕೊಂಡರೆ ತಪ್ಪೇನು ಮಾರಾಯ್ರೆ? ರೈಲಿನ ತತ್ಕಾಲ್ ಟಿಕೇಟಿಗೆ ನೀವು ಹೆಚ್ಚು ಕೊಡುವುದಿಲ್ಲವೇ?"

ಮೇಲುನೋಟಕ್ಕೆ ತಪ್ಪಿಲ್ಲ. ಊಟ ನಿದ್ದೆ ಬಿಟ್ಟು ದುಡಿದವನಿಗೆ ಹೆಚ್ಚಿನ ಕೂಲಿ ಸಲ್ಲಲೇಬೇಕು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗಡುವು ತಪ್ಪಿದರೆ ಐದು ಸಾವಿರ ರೂಪಾಯಿಗಳವರೆಗೆ ವಿಳಂಬ ಶುಲ್ಕ. ಒಟ್ಟು ಆದಾಯ ಐದು ಲಕ್ಷ ಮೀರದವರಿಗೆ ಒಂದು ಸಾವಿರದವರೆಗೆ. ಹೀಗಿರಲು, ಬಾಗಿಲಲ್ಲಿ ನಿಂತವನಿಂದ ಎರಡು ಸಾವಿರ ಹೆಚ್ಚು ಕೇಳಿದರೂ ಅವನು ಲಾಭವೆಂದೇ ಕೊಟ್ಟಾನು. ಕೊಟ್ಟನೆಂಬ ಮಾತ್ರಕ್ಕೆ ಅದು ನ್ಯಾಯವಾಯಿತೇ?

ಸೇತುವೆಯಾಗುವ ಮುನ್ನ ಹೊನ್ನಾವರದಲ್ಲಿ ಶರಾವತಿಯನ್ನು ದೋಣಿಯಲ್ಲಿ ದಾಟಬೇಕಾಗಿತ್ತು. ಅಂಬಿಗನು ರಾತ್ರಿಯ ದಾಟಿಗೆ ನಾಲ್ಕು ಕಾಸು ಹೆಚ್ಚೆಂದು ದಡದಲ್ಲಿಯೇ ಹೇಳಿದರೆ ಯಾರೂ ಆಕ್ಷೇಪಿಸುವಂತಿಲ್ಲ. ಅದೇ ಮಾತನ್ನು ನಡುಹೊಳೆಯಲ್ಲಿ ಹೇಳಿದರೆ ಅದು ಕೂಲಿಯಲ್ಲ, ಸುಲಿಗೆ. ಹಣ ಅಷ್ಟೇ, ಹೊಳೆಯೂ ಅದೇ. ಹೇಳಿದ ಜಾಗ ಮಾತ್ರ ಬೇರೆ. ತತ್ಕಾಲಿನ ದರವೂ ಮುಂಚೆಯೇ ಪ್ರಕಟವಾದುದು. ಪ್ರಯಾಣಿಕನ ಮುಖ ನೋಡಿ ಗೊತ್ತುಮಾಡಿದ್ದಲ್ಲ.

2025ರಲ್ಲಿ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು. ಆ ಕೊನೆಯ ರಾತ್ರಿ ಮತ್ತೊಂದು ದಿನದ ಅವಕಾಶ ಕೊಟ್ಟರು. ಅಂದು ಹೆಚ್ಚು ಹಣ ತೆತ್ತವನ ಭಯ ರಾತ್ರಿ ಕಳೆಯುವಷ್ಟರಲ್ಲಿ ಹುಸಿಯಾಯಿತು. ಆದರೆ ನಿದ್ದೆಗೆಟ್ಟವನ ದುಡಿಮೆ ಹುಸಿಯಾಗಲಿಲ್ಲ. ದುಡಿಮೆಯ ಬೆಲೆ, ಭಯದ ಬೆಲೆ ಎಂಬ ಎರಡರ ಅಂತರ ಇಷ್ಟೇ. ಲಾಭದ ಶೇಕಡಾವಾರಿನಂತೆ ಶುಲ್ಕ ಪಡೆಯಬಾರದೆಂದು ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯಿದೆ ಸಾಮಾನ್ಯವಾಗಿ ಕಟ್ಟು ಹಾಕಿರುವುದರ ಹಿಂದೆಯೂ ಇಂಥದೇ ವಿವೇಕವಿದೆ: ಸಂಬಳ ಕೆಲಸವನ್ನು ನೋಡಬೇಕು, ಗಿರಾಕಿಯ ಗಂಟನ್ನಲ್ಲ.

ತಡವಾಗಿ ಬಂದವರೆಲ್ಲರೂ ಸೋಮಾರಿಗಳೂ ಅಲ್ಲ. ತೆರಿಗೆ ಕಡಿತದ ಪ್ರಮಾಣಪತ್ರ ಕೈಸೇರುವುದೇ ಜೂನ್ ಮಧ್ಯದ ಹೊತ್ತಿಗೆ. ಭಟ್ಕಳದ ಮನೆಯ ಕಾಗದಪತ್ರ ದುಬೈಯಲ್ಲಿರುವ ಮಗನ ಬಳಿ ಉಳಿದಿರಬಹುದು. ಗಂಡನ ಲೆಕ್ಕವೇ ಗೊತ್ತಿರದ ವಿಧವೆ ಬಂದಿರಬಹುದು. ಇವರ ವಿಳಂಬಕ್ಕೂ ಮರೆತು ಕುಳಿತವನ ವಿಳಂಬಕ್ಕೂ ಒಂದೇ ತೂಕದ ಕಲ್ಲಲ್ಲ.

ಇನ್ನೊಬ್ಬನಿದ್ದಾನೆ, ಅವನನ್ನು ನಾವು ಮರೆಯುತ್ತೇವೆ. ಜೂನ್‌ನಲ್ಲಿಯೇ ಕಾಗದ ಒಪ್ಪಿಸಿ ಸುಮ್ಮನೆ ಕಾದವನು. ಅವಸರದವನ ಹೆಚ್ಚಿನ ಹಣ ಅವನ ಕಡತವನ್ನು ಕೆಳಕ್ಕೆ ತಳ್ಳಿದರೆ, ಆಡಿಟರು ಮಾರಿದ್ದು ತಮ್ಮ ರಾತ್ರಿಯನ್ನಲ್ಲ, ಪರರ ಸರದಿಯನ್ನು. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಅಲ್ಲದೆ, ಗಡಿಬಿಡಿಯಲ್ಲಿ ಅಂಕಿ ತಪ್ಪಿದರೆ ನೋಟೀಸು ಬರುವುದು ಗಿರಾಕಿಯ ಹೆಸರಿಗೆ. ಎಷ್ಟು ಹಣ ಕೊಟ್ಟರೂ ಎಚ್ಚರ ಇಮ್ಮಡಿಸದು. "ಇಂದು ಆಗದು, ಶುಲ್ಕ ಕಟ್ಟಿ ನಾಲ್ಕು ದಿನದಲ್ಲಿ ಸರಿಯಾಗಿ ಸಲ್ಲಿಸೋಣ" ಎನ್ನುವುದೇ ಕೆಲವೊಮ್ಮೆ ಪ್ರಾಮಾಣಿಕತೆ.

ಮರುವರ್ಷ ಮಿತ್ರರು ಜೂನ್‌ನಲ್ಲಿಯೇ ಹಲಗೆ ತೂಗುಹಾಕಿದರು: ಜುಲೈ 20ರ ನಂತರ ಬಂದವರಿಗೆ ಕಾಲುಪಾಲು ಹೆಚ್ಚು, ಮೊದಲು ಕೊಟ್ಟವರ ಕೆಲಸ ಮೊದಲು. ಕೊನೆಯ ವಾರ ವೃದ್ಧೆಯೊಬ್ಬರು ಗಂಡನ ಹಳೆಯ ಪಾಸ್‌ಬುಕ್ಕುಗಳನ್ನು ಸೆರಗಿನಲ್ಲಿ ಮುಚ್ಚಿ ತಂದರು. ಮಿತ್ರರು ಹಳೆಯ ದರವನ್ನೇ ತೆಗೆದುಕೊಂಡರು.

"ಹಲಗೆಯ ಮಾತು ತಪ್ಪಿತಲ್ಲ?" ಎಂದೆ.

"ಅದನ್ನು ಬರೆದದ್ದು ನಾನು ಹೆಚ್ಚು ಕೇಳಬಾರದೆಂದು. ಕಡಿಮೆ ತೆಗೆದುಕೊಳ್ಳಬಾರದೆಂದಲ್ಲ" ಎಂದರು.